ಬಾನೆಟ್ ಡ್ಯಾಂಪರ್

ಕಾರಿನ ಎಂಜಿನ್ ಮೇಲಿನ ಮುಚ್ಚಳವನ್ನು ಎತ್ತಲು ನೆರವಾಗುವ, ಎತ್ತಿದ ಮೇಲೆ ಬೀಳದಂತೆ ಹಿಡಿಯುವ, ಒತ್ತಡದ ಅನಿಲ ತುಂಬಿದ ಉದ್ದನೆಯ ಕೊಳವೆ. ಗ್ಯಾಸ್ ಸ್ಟ್ರಟ್, ಗ್ಯಾಸ್ ಸ್ಪ್ರಿಂಗ್ ಎಂಬುವೂ ಇದರ ಹೆಸರುಗಳೇ. ಗ್ಯಾರೇಜಿನಲ್ಲಿ ‘ಬಾನೆಟ್ ಶಾಕ್’ ಎಂದರೂ ಅರ್ಥವಾಗುತ್ತದೆ. ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ಬಾಗಿಲನ್ನು ಮೇಲೆ ನಿಲ್ಲಿಸುವುದು ಇದೇ ಸಾಧನ. ಬೆಲೆಬಾಳುವ ಅನೇಕ ಕಾರುಗಳ ಬಾನೆಟ್‌ಗೆ ಕಾರ್ಖಾನೆಯಲ್ಲೇ ಇದನ್ನು ಕೂರಿಸಿರುತ್ತಾರೆ. ಮಾರುತಿ ಸ್ವಿಫ್ಟ್‌ನಂಥ ಮನೆಮಾತಿನ ಕಾರುಗಳಲ್ಲೂ ಮಾಜ್ದಾ ಎಂಎಕ್ಸ್-5ನಂಥ ಹವ್ಯಾಸಿಗಳ ಕಾರುಗಳಲ್ಲೂ ಇರುವುದು ಬಾನೆಟ್ ಎತ್ತಿ ಕೈಯಿಂದ ಆನಿಸಿ ನಿಲ್ಲಿಸುವ ಒಂದು ಕಂಬಿ, ಅಂದರೆ ಸ್ಟೇ ರಾಡ್, ಮಾತ್ರ. ಅಂಥ ಕಾರಿಗೆ ಮಾಲೀಕರು ಬೇರೆ ತಯಾರಕರ ಕಿಟ್ ಕೊಂಡು ಡ್ಯಾಂಪರ್ ಕೂರಿಸಿಕೊಳ್ಳುವುದು ಈ ಲೇಖನದ ವಿಷಯ.

ಕೆಲಸ ನೋಡಲು ಸುಲಭ. ನಾಲ್ಕು ಬ್ರಾಕೆಟ್, ನಾಲ್ಕು ಗುಂಡುಮೊಳೆ (ಬಾಲ್ ಸ್ಟಡ್), ಎರಡು ಸ್ಟ್ರಟ್, ಒಂದು ಗಂಟೆಯ ಸಮಯ. ಆದರೆ ಬಾನೆಟ್‌ನ ಯಾವ ಜಾಗಕ್ಕೆ ಎಷ್ಟು ಬಲ ಬೀಳಬೇಕೆಂದು ಕಾರಿನ ವಿನ್ಯಾಸಕಾರರು ಮಾಡಿದ್ದ ಲೆಕ್ಕವನ್ನು ಈ ಒಂದು ಗಂಟೆಯ ಕೆಲಸ ಬದಲಿಸುತ್ತದೆ. ಸ್ಟ್ರಟ್‌ನ ಮೇಲೆ ಅಚ್ಚಾಗಿರುವ ನ್ಯೂಟನ್ ಸಂಖ್ಯೆಗಿಂತ ಅದು ಕೂರುವ ಜಾಗವೇ ಮುಖ್ಯ ಎಂಬುದನ್ನು ಕಿಟ್ ಮಾರುವವರು ಅಪರೂಪಕ್ಕೆ ಹೇಳುತ್ತಾರೆ.

ಹಿನ್ನೆಲೆ

ಆರಂಭದ ಕಾರುಗಳ ಬಾನೆಟ್ ಎರಡೂ ಪಕ್ಕಗಳಿಂದ ಮಡಚಿ ತೆರೆಯುವಂಥದ್ದು. ಅದಕ್ಕೆ ಆಸರೆಯೇ ಬೇಕಿರಲಿಲ್ಲ. 1930ರ ದಶಕದಿಂದೀಚೆಗೆ ಗಾಜಿನ ಬುಡದಲ್ಲಿ ಹಿಂಜ್ ಇಟ್ಟು ಮುಂದಿನಿಂದ ಎತ್ತುವ ಒಂಟಿ ತಗಡಿನ ಬಾನೆಟ್ ರೂಢಿಗೆ ಬಂದಾಗ ಅದನ್ನು ಮೇಲೆ ನಿಲ್ಲಿಸುವ ಪ್ರಶ್ನೆ ಎದುರಾಯಿತು. ದೊಡ್ಡ ಅಮೆರಿಕನ್ ಕಾರುಗಳು ಹಿಂಜ್‌ಗೇ ದಪ್ಪ ಸುರುಳಿ ಸ್ಪ್ರಿಂಗ್ ಕಟ್ಟಿದವು. ಮರ್ಸಿಡಿಸ್ ಬೆಂಜ್‌ನ ಡಬ್ಲ್ಯು123, ಡಬ್ಲ್ಯು124 ಮಾದರಿಗಳ ಬಾನೆಟ್ ರಿಪೇರಿಯ ಸಮಯದಲ್ಲಿ ನೆಟ್ಟಗೆ ಲಂಬವಾಗಿ ನಿಲ್ಲುತ್ತಿತ್ತು. ಕೆಲಸಗಾರನ ತಲೆಯ ಮೇಲೆ ಏನೂ ತೂಗದ ಆ ಏರ್ಪಾಡನ್ನು ಇಂದಿಗೂ ಮೆಚ್ಚಬೇಕು. ಸಾಬ್ 900, ಬಿಎಂಡಬ್ಲ್ಯು ಇ30ರಂಥವು ಹಿಂಜನ್ನು ಮುಂದಿಟ್ಟು ಬಾನೆಟ್ ಹಿಂಬದಿಯಿಂದ ಏಳುವಂತೆ ಮಾಡಿದವು. ಸಣ್ಣ ಕಾರುಗಳು ಸ್ಟೇ ರಾಡ್‌ನಲ್ಲಿ ಉಳಿದವು.

ಒತ್ತಡದ ಅನಿಲವನ್ನೇ ಸ್ಪ್ರಿಂಗ್ ಆಗಿಸುವ ಸಾಧನ ದೊಡ್ಡ ಪ್ರಮಾಣದ ತಯಾರಿಕೆಗೆ ಬಂದದ್ದು 1960ರ ದಶಕದಲ್ಲಿ. ಜರ್ಮನಿಯ ಕೊಬ್ಲೆಂಟ್ಸ್‌ನಲ್ಲಿ ನೆಲೆಯಿರುವ, 1934ರಲ್ಲಿ ಆರಂಭವಾದ ಸ್ಟಾಬಿಲಸ್ ಸಂಸ್ಥೆ 1962ರಲ್ಲಿ ಗ್ಯಾಸ್ ಸ್ಪ್ರಿಂಗ್‌ಗಳ ಸರಣಿ ಉತ್ಪಾದನೆ ಶುರುಮಾಡಿತು. ಮುಂದೆ ಹ್ಯಾಚ್‌ಬ್ಯಾಕ್ ಕಾರುಗಳು ಹರಡಿದಂತೆ ಇವು ಡಿಕ್ಕಿ ಬಾಗಿಲಿಗೂ, ಕಚೇರಿ ಕುರ್ಚಿಗೂ, ಬಸ್ಸಿನ ಲಗೇಜು ಬಾಗಿಲಿಗೂ ಬಂದವು. ಕೊಂಡ ಕಾರನ್ನು ಮಾಲೀಕನೇ ಬಿಡಿಭಾಗ ಹಾಕಿ ಬದಲಿಸಿಕೊಳ್ಳುವ ಅಭ್ಯಾಸ ಅಷ್ಟರಲ್ಲಿ ಅಮೆರಿಕದಲ್ಲಿ ಉದ್ಯಮವಾಗಿ ಬೆಳೆದಿತ್ತು. ಆ ಬಿಡಿಭಾಗ ತಯಾರಕರ ಸಂಘವಾದ ಸೆಮಾ ಹುಟ್ಟಿದ್ದು 1963ರಲ್ಲಿ, ಅದರ ಮೊದಲ ಪ್ರದರ್ಶನ ನಡೆದದ್ದು 1967ರಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ. ಬಾನೆಟ್ ಡ್ಯಾಂಪರ್ ಕಿಟ್‌ಗಳು ಈ ಸಂಪ್ರದಾಯದ ಕೂಸು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲೂ ಈಗ ಗ್ಯಾಸ್ ಸ್ಟ್ರಟ್ ಅಪರೂಪದ ವಸ್ತುವಲ್ಲ.

ಒಳರಚನೆ

ಉಕ್ಕಿನ ಸಿಲಿಂಡರ್, ಅದರೊಳಗೆ ಪಿಸ್ಟನ್, ಪಿಸ್ಟನ್‌ಗೆ ಜೋಡಿಸಿದ ನುಣುಪಾದ ರಾಡ್, ರಾಡ್ ಹೊರಬರುವ ಬಾಯಿಗೆ ಸೀಲ್. ಒಳಗೆ ಹೆಚ್ಚಿನ ಒತ್ತಡದ ನೈಟ್ರೋಜನ್ ಮತ್ತು ಒಂದಿಷ್ಟು ಎಣ್ಣೆ. ನೈಟ್ರೋಜನ್ ಉರಿಯುವುದಿಲ್ಲ, ತೇವವಿಲ್ಲದ್ದರಿಂದ ಒಳಗೆ ತುಕ್ಕು ಹಿಡಿಸುವುದೂ ಇಲ್ಲ. ಆದ್ದರಿಂದಲೇ ಅದರ ಆಯ್ಕೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪಿಸ್ಟನ್‌ನಲ್ಲಿ ಸಣ್ಣ ರಂಧ್ರವಿರುವುದರಿಂದ ಅದರ ಎರಡೂ ಬದಿಗೆ ಒಂದೇ ಒತ್ತಡ ಇರುತ್ತದೆ. ಹಾಗಿದ್ದ ಮೇಲೆ ರಾಡನ್ನು ಹೊರಗೆ ತಳ್ಳುವುದು ಯಾವುದು? ಪಿಸ್ಟನ್‌ನ ಒಂದು ಬದಿಯಲ್ಲಿ ರಾಡ್ ಆಕ್ರಮಿಸಿದಷ್ಟು ಜಾಗದ ಮೇಲೆ ಒಳಗಿನ ಅನಿಲ ಒತ್ತಲಾರದು. ಆ ವ್ಯತ್ಯಾಸವೇ ಸ್ಟ್ರಟ್‌ನ ಬಲ. ಎಂದರೆ ಲೆಕ್ಕಕ್ಕೆ ಬರುವುದು ರಾಡ್‌ನ ಅಡ್ಡಕೊಯ್ತದ ವಿಸ್ತೀರ್ಣ, ಸಿಲಿಂಡರ್‌ನ ದಪ್ಪವಲ್ಲ. 8 ಮಿ.ಮೀ. ರಾಡ್‌ನ ವಿಸ್ತೀರ್ಣ ಸುಮಾರು 50 ಚದರ ಮಿ.ಮೀ. ಅದರಿಂದ 250 ನ್ಯೂಟನ್ ಬಲ ಬರಬೇಕಾದರೆ ಒಳಗೆ ಸುಮಾರು 50 ಬಾರ್ ಒತ್ತಡ ಇರಬೇಕು. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಕೈಬೆರಳಿನಷ್ಟು ದಪ್ಪದ ಈ ಕೊಳವೆಯನ್ನು ಗೌರವದಿಂದ ಮುಟ್ಟಬೇಕೆನ್ನುವುದು ಇದಕ್ಕೇ.

ರಾಡ್ ಒಳಗೆ ಹೋದಂತೆಲ್ಲ ಅನಿಲಕ್ಕೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಪೂರ್ತಿ ಚಾಚಿದಾಗ 250 ನ್ಯೂಟನ್ ಕೊಡುವ ಸ್ಟ್ರಟ್ ಪೂರ್ತಿ ಒತ್ತಿದಾಗ 300ರಿಂದ 350ರವರೆಗೂ ಕೊಡಬಹುದು. ಎಣ್ಣೆಯ ಕೆಲಸ ಎರಡು: ಸೀಲನ್ನು ಒಣಗದಂತೆ ಇಡುವುದು, ರಾಡ್ ಪೂರ್ತಿ ಹೊರಬರುವ ಕೊನೆಯ ಹಂತದಲ್ಲಿ ಪಿಸ್ಟನ್ನನ್ನು ನಿಧಾನಗೊಳಿಸಿ ಬಾನೆಟ್ ಮೇಲೆ ಜಗ್ಗದಂತೆ ನೋಡಿಕೊಳ್ಳುವುದು. ಎರಡೂ ಆಗಬೇಕಾದರೆ ಎಣ್ಣೆ ಸೀಲಿನ ಕಡೆಗೇ ನಿಲ್ಲಬೇಕು. ಹಾಗಾಗಿ ಬಾನೆಟ್ ಮುಚ್ಚಿರುವಾಗ ರಾಡ್ ಇರುವ ತುದಿ ಸಿಲಿಂಡರ್ ತುದಿಗಿಂತ ಕೊಂಚವಾದರೂ ತಗ್ಗಿನಲ್ಲಿರಬೇಕು. ತಲೆಕೆಳಗು ಕೂರಿಸಿದ ಸ್ಟ್ರಟ್ ಮೊದಲ ದಿನ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸೀಲ್ ಒಣಗಿ ಅನಿಲ ಸೋರತೊಡಗುವುದು ಆಮೇಲೆ.

ಬಲ ಮತ್ತು ಜಾಗ

ಒಂದು ಮಾದರಿ ಲೆಕ್ಕ ತೆಗೆದುಕೊಳ್ಳೋಣ. ಉಕ್ಕಿನ ಬಾನೆಟ್ 16 ಕೆ.ಜಿ. ಇದೆ, ಅದರ ಗುರುತ್ವ ಕೇಂದ್ರ ಹಿಂಜ್‌ನಿಂದ 45 ಸೆಂ.ಮೀ. ದೂರದಲ್ಲಿದೆ, ಲಾಕ್ ಇರುವುದು 90 ಸೆಂ.ಮೀ. ದೂರದಲ್ಲಿ ಎನ್ನೋಣ. ಮುಚ್ಚಿದಾಗ ಅದರ ತೂಕ ಹಿಂಜ್‌ನ ಸುತ್ತ ಕೆಳಮುಖವಾಗಿ ಸುಮಾರು 70 ನ್ಯೂಟನ್ ಮೀಟರ್ ತಿರುಗುಬಲ ಹಾಕುತ್ತದೆ. 55 ಡಿಗ್ರಿ ಎತ್ತಿದಾಗ ತೂಕ ಹಿಂಜ್‌ನ ಹತ್ತಿರಕ್ಕೆ ಸರಿಯುವುದರಿಂದ ಅದು 40ಕ್ಕೆ ಇಳಿಯುತ್ತದೆ.

ಇನ್ನು ಸ್ಟ್ರಟ್. ಬಾಗಿಲನ್ನು ಹಿಂಜ್‌ನ ಪಕ್ಕದಲ್ಲೇ ಕೈಯಿಟ್ಟು ತಳ್ಳಿದವರಿಗೆ ಗೊತ್ತು, ಎಷ್ಟು ಬಲ ಹಾಕಿದರೂ ಅದು ಅಲ್ಲಾಡುವುದು ಕಷ್ಟ. ಡ್ಯಾಂಪರ್ ಕೆಲಸ ಮಾಡುವುದು ಅಂಥ ಜಾಗದಲ್ಲೇ. ಬಾನೆಟ್ ಮುಚ್ಚಿರುವಾಗ ಸ್ಟ್ರಟ್ ಹೆಚ್ಚುಕಡಿಮೆ ಮಲಗಿರುತ್ತದೆ. ಹಿಂಜ್‌ನಿಂದ ಅದರ ಗೆರೆಗೆ ಇರುವ ಲಂಬದೂರ 4 ಸೆಂ.ಮೀ. ಎಂದರೆ, ತಲಾ 325 ನ್ಯೂಟನ್ನಿನ ಎರಡು ಸ್ಟ್ರಟ್ ಸೇರಿ ಹುಟ್ಟಿಸುವ ಮೇಲ್ಮುಖ ತಿರುಗುಬಲ 26 ಮಾತ್ರ. 70ರ ಮುಂದೆ ಅದು ಸೋಲುತ್ತದೆ, ಬಾನೆಟ್ ತನ್ನ ತೂಕದಿಂದಲೇ ಮುಚ್ಚಿಕೊಂಡಿರುತ್ತದೆ. ಎತ್ತಿದಂತೆ ಸ್ಟ್ರಟ್ ಎದ್ದು ನಿಂತು ಲಂಬದೂರ 12 ಸೆಂ.ಮೀ.ಗೆ ಬೆಳೆದರೆ, ಬಲ 250ಕ್ಕೆ ಇಳಿದರೂ ತಿರುಗುಬಲ 60ಕ್ಕೆ ಏರುತ್ತದೆ. ಈಗ 40ರ ಮೇಲೆ ಅದು ಗೆಲ್ಲುತ್ತದೆ. ಕೈ ಎತ್ತುತ್ತಿರುವಾಗ ಅರ್ಧದಾರಿಯಲ್ಲಿ ಎಲ್ಲೋ ಬಾನೆಟ್ ಹಗುರವಾಗಿ ತಾನೇ ಏಳತೊಡಗುತ್ತದಲ್ಲ, ಈ ಎರಡು ಸಂಖ್ಯೆಗಳು ಒಂದನ್ನೊಂದು ದಾಟುವ ಜಾಗ ಅದು.

ಬ್ರಾಕೆಟ್‌ನ ಜಾಗ ಕೆಲವೇ ಸೆಂಟಿಮೀಟರ್ ಆಚೀಚೆಯಾದರೂ ಈ ಸಮತೋಲ ಮುರಿಯುತ್ತದೆ. ಮುಚ್ಚಿದ ಸ್ಥಿತಿಯ ಲಂಬದೂರ 4ರ ಬದಲು 11 ಸೆಂ.ಮೀ. ಆಯಿತೆಂದರೆ ತಿರುಗುಬಲ 71. ಬಾನೆಟ್ ಲಾಕ್ ಬಿಡಿಸಿದೊಡನೆ ಮೇಲೇಳಲು ನೋಡುತ್ತದೆ, ಲಾಕ್ ಆಗಿರುವಾಗಲೂ ಅದರ ಮೇಲೆ ಒತ್ತುತ್ತಲೇ ಇರುತ್ತದೆ. ‘ಬಾನೆಟ್ ನಿಲ್ಲುತ್ತಿಲ್ಲ, ಇನ್ನೂ ಜೋರಿನ ಸ್ಟ್ರಟ್ ಹಾಕಿ’ ಎಂಬುದು ಗ್ಯಾರೇಜಿನಲ್ಲಿ ಸಿಗುವ ಸಾಮಾನ್ಯ ಸಲಹೆ. ಬಹುಪಾಲು ಸಂದರ್ಭಗಳಲ್ಲಿ ಸರಿಯಾದ ಉತ್ತರ ಬ್ರಾಕೆಟ್ ಸರಿಸುವುದು.

ಇದಕ್ಕಿಂತ ಗಂಭೀರ ವಿಷಯ ತಗಡಿನದು. ಸ್ಟೇ ರಾಡ್ ಬಾನೆಟ್‌ನ ಮುಂಭಾಗಕ್ಕೆ, ಹಿಂಜ್‌ನಿಂದ ದೂರದಲ್ಲಿ, ಆನಿಸಿ ನಿಲ್ಲುತ್ತದೆ. ಮೇಲಿನ ಉದಾಹರಣೆಯಲ್ಲಿ ಅದರ ಮೇಲೆ ಬೀಳುವ ಭಾರ 10 ಕೆ.ಜಿ.ಗೂ ಕಡಿಮೆ. ಅದೇ ಕೆಲಸವನ್ನು ಹಿಂಜ್‌ನ ಹತ್ತಿರದಿಂದ ಮಾಡುವ ಎರಡು ಡ್ಯಾಂಪರ್‌ಗಳು ಒಟ್ಟು 50 ಕೆ.ಜಿ. ತೂಕಕ್ಕೆ ಸಮನಾದ ಬಲದಿಂದ ತಗಡನ್ನು ಒತ್ತುತ್ತವೆ. ಮುಚ್ಚಿಟ್ಟಾಗ ಇನ್ನೂ ಹೆಚ್ಚು, ಅದೂ ವರ್ಷಗಟ್ಟಲೆ. ಕಾರ್ಖಾನೆಯಲ್ಲೇ ಡ್ಯಾಂಪರ್ ಇರುವ ಕಾರುಗಳಲ್ಲಿ ಆ ಜಾಗದ ಒಳತಗಡಿಗೆ ಬಲವರ್ಧನೆಯ ಪಟ್ಟಿ ಬೆಸೆದಿರುತ್ತಾರೆ. ಸ್ಟೇ ರಾಡ್‌ನ ಕಾರಿನಲ್ಲಿ ಆ ಪಟ್ಟಿ ಇರುವ ಭರವಸೆಯಿಲ್ಲ. ಬಾನೆಟ್‌ನ ಹಿಂಭಾಗ ಬಾಗಿ ಫೆಂಡರ್‌ನೊಂದಿಗಿನ ಸಂದು ಏರುಪೇರಾಗುವುದು, ಹಿಂಜ್ ಸಡಿಲಾಗುವುದು, ಬ್ರಾಕೆಟ್ ಸುತ್ತ ಬಣ್ಣ ಬಿರಿಯುವುದು ಇದರ ಫಲ.

ಎಂಎಕ್ಸ್-5 ಇದಕ್ಕೆ ಒಳ್ಳೆಯ ಪಾಠ. 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಹೊರಬಂದ ಈ ಎರಡಾಸನದ ಕಾರಿಗೆ ತೂಕ ಇಳಿಸಲೆಂದೇ ಅಲ್ಯೂಮಿನಿಯಂ ಬಾನೆಟ್ ಕೊಟ್ಟಿದ್ದರು. ಹಗುರವಾದ ಬಾನೆಟ್‌ಗೆ ತೆಳ್ಳನೆಯ ಸ್ಟೇ ರಾಡ್ ಸಾಕಿತ್ತು. ಇಂಥ ಕಾರಿಗೆ ಉಕ್ಕಿನ ಬಾನೆಟ್‌ಗೆಂದು ಮಾಡಿದ ಜೋರಿನ ಸ್ಟ್ರಟ್ ಹಾಕಿದರೆ ಬಾನೆಟ್ ಜಿಗಿದೇಳುತ್ತದೆ, ಮುಚ್ಚುವಾಗ ಅಂಗೈ ಒತ್ತಿದಲ್ಲಿ ತಗಡು ಕುಳಿಬೀಳುತ್ತದೆ. ಕಾರ್ಬನ್ ಫೈಬರ್ ಬಾನೆಟ್ ಹಾಕಿಸಿಕೊಂಡವರು ಇನ್ನೂ ಎಚ್ಚರದಿಂದಿರಬೇಕು. ಹಳೆಯ ಬಾನೆಟ್‌ಗೆ ಸರಿಹೊಂದುತ್ತಿದ್ದ ಡ್ಯಾಂಪರ್ ಹೊಸದನ್ನು ಬಗ್ಗಿಸೀತು. ಆ ಕಾರಿಗೇ, ಆ ಬಾನೆಟ್‌ನ ಲೋಹಕ್ಕೇ ಎಂದು ತಯಾರಿಸಿದ ಕಿಟ್ ಬಿಟ್ಟು ‘ಎಲ್ಲ ಕಾರಿಗೂ ಆಗುತ್ತದೆ’ ಎಂಬ ಕಿಟ್ ಕೊಳ್ಳುವುದನ್ನು ಈ ಲೇಖಕ ಒಪ್ಪುವುದಿಲ್ಲ.

ಕೂರಿಸುವ ಕೆಲಸ

ಒಳ್ಳೆಯ ಕಿಟ್‌ಗಳು ತೂತು ಕೊರೆಯುವ ಕೆಲಸ ಇಡುವುದಿಲ್ಲ. ಬಾನೆಟ್ ಬದಿಯ ಬ್ರಾಕೆಟ್ ಹಿಂಜ್‌ನ ಬೋಲ್ಟ್‌ನಡಿ ಕೂರುತ್ತದೆ, ಕೆಳಬದಿಯದು ಫೆಂಡರ್ ಬೋಲ್ಟ್‌ನಡಿ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಹಿಂಜ್‌ನ ಎರಡೂ ಬೋಲ್ಟ್ ಒಟ್ಟಿಗೆ ಬಿಚ್ಚಬಾರದು. ಬಾನೆಟ್‌ನ ಜಾಗ ನಿರ್ಧಾರವಾಗಿರುವುದೇ ಆ ಬೋಲ್ಟ್‌ಗಳಿಂದ. ಒಮ್ಮೆ ಜಾರಿದರೆ ಸಂದುಗಳನ್ನು ಮತ್ತೆ ಹೊಂದಿಸಲು ಅರ್ಧ ದಿನ ಬೇಕು. ಹಿಂಜ್‌ನ ಅಂಚಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿಕೊಂಡು, ಸ್ಟೇ ರಾಡ್ ನಿಲ್ಲಿಸಿ, ಜೊತೆಗೊಬ್ಬರು ಬಾನೆಟ್ ಹಿಡಿದಿರುವಾಗ ಒಂದು ಬೋಲ್ಟ್ ಬಿಚ್ಚಿ, ಬ್ರಾಕೆಟ್ ಸೇರಿಸಿ, ಬಿಗಿದು, ಆಮೇಲೆ ಇನ್ನೊಂದಕ್ಕೆ ಹೋಗಬೇಕು. 8 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, 6 ಮಿ.ಮೀ.ಗೆ 8ರಿಂದ 10 ಸಾಕು. ಕಾರಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಸಂಖ್ಯೆಯಿದ್ದರೆ ಅದೇ ಅಂತಿಮ. ತೆಳು ತಗಡಿಗೆ ಬೆಸೆದ ನಟ್ ತಿರುಚಿಹೋದರೆ ಬಾನೆಟ್‌ನ ಒಳಗಿನಿಂದ ಅದನ್ನು ಹಿಡಿಯಲು ದಾರಿಯೇ ಇರುವುದಿಲ್ಲ.

ತೂತು ಕೊರೆಯಲೇಬೇಕಾದ ಕಿಟ್ ಆದರೆ ಡ್ರಿಲ್ ಬಿಟ್‌ಗೆ ತಡೆ ಹಾಕಿಕೊಳ್ಳಬೇಕು, ಇಲ್ಲವಾದರೆ ಅದು ಒಳತಗಡನ್ನು ದಾಟಿ ಹೊರತಗಡಿನಲ್ಲಿ ಮೊಡವೆ ಏಳಿಸುತ್ತದೆ. ಕೊರೆದ ಅಂಚಿಗೆ ಝಿಂಕ್ ಪ್ರೈಮರ್ ಹಚ್ಚದೆ ಬಿಟ್ಟರೆ ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ಕಳೆಯುವುದರೊಳಗೆ ತುಕ್ಕು ಕಾಣುತ್ತದೆ. ಅಲ್ಯೂಮಿನಿಯಂ ಬಾನೆಟ್‌ಗೆ ಉಕ್ಕಿನ ಬ್ರಾಕೆಟ್ ತಾಗುವ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಅಥವಾ ಬಣ್ಣದ ಪದರ ಇರಲಿ.

ಸ್ಟ್ರಟ್‌ನ ಎರಡು ತುದಿಗಳು ಗುಂಡುಮೊಳೆಗಳ ಮೇಲೆ ಒತ್ತಿ ಕೂರುತ್ತವೆ. ಗುಂಡಿನ ಅಳತೆ ಸಾಮಾನ್ಯವಾಗಿ 10 ಮಿ.ಮೀ. ಎರಡೂ ಮೊಳೆಗಳು ಒಂದಕ್ಕೊಂದು ಸಮಾನಾಂತರವಾಗಿದ್ದು ಸ್ಟ್ರಟ್ ತಿರುಗುವ ಸಮತಲಕ್ಕೆ ಲಂಬವಾಗಿರಬೇಕು. ಸೊಟ್ಟಗೆ ನಿಂತರೆ ರಾಡ್ ಪಕ್ಕಕ್ಕೆ ಎಳೆದು ಸೀಲನ್ನು ಒಂದು ಬದಿಯಲ್ಲಿ ಕೊರೆಯುತ್ತದೆ. ತೆಗೆಯುವಾಗ ಸಾಕೆಟ್‌ನ ತಂತಿ ಕ್ಲಿಪ್ಪನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಕೊಂಚ ಮೇಲೆತ್ತಿದರೆ ಸಾಕು, ಪೂರ್ತಿ ಕೀಳಬೇಕಿಲ್ಲ. ರಾಡ್‌ಗೆ ಮಾತ್ರ ಇಕ್ಕಳ ತಾಗಿಸಬಾರದು. ಕೂದಲೆಳೆಯಷ್ಟು ಗೀರು ಬಿದ್ದರೂ ಪ್ರತಿ ಏರಿಳಿತದಲ್ಲಿ ಅದು ಸೀಲನ್ನು ಹರಿಯುತ್ತದೆ.

ಮೊದಲ ಸಲ ಮುಚ್ಚುವುದು ಇಡೀ ಕೆಲಸದ ಅತಿ ಸೂಕ್ಷ್ಮ ಘಟ್ಟ. ಸ್ಟೇ ರಾಡನ್ನು ಅದರ ಜಾಗದಲ್ಲಿ ಮಲಗಿಸಿದ್ದೇವೆಯೇ ಎಂದು ಮೊದಲು ನೋಡಬೇಕು. ಡ್ಯಾಂಪರ್ ಹಿಡಿದುಕೊಂಡಿದೆ ಎಂಬ ಧೈರ್ಯದಲ್ಲಿ ರಾಡ್ ನಿಂತಿರುವಂತೆಯೇ ಬಾನೆಟ್ ಎಳೆದು ಬಗ್ಗಿಸಿದ ಪ್ರಸಂಗಗಳು ಬೇಕಾದಷ್ಟು. ಆಮೇಲೆ ಸ್ಟ್ರಟ್, ಬ್ರಾಕೆಟ್ ಹಾದುಹೋಗುವ ಕಡೆ ಮಕ್ಕಳ ಜೇಡಿಮಣ್ಣಿನ ಸಣ್ಣ ಉಂಡೆಗಳನ್ನಿಟ್ಟು ನಿಧಾನವಾಗಿ ಇಳಿಸಿ ಮತ್ತೆ ಎತ್ತಿದರೆ, ಉಂಡೆ ಎಷ್ಟು ಚಪ್ಪಟೆಯಾಗಿದೆ ಎಂಬುದರಿಂದ ಎಲ್ಲಿ ಎಷ್ಟು ಎಡೆ ಉಳಿದಿದೆಯೆಂದು ತಿಳಿಯುತ್ತದೆ. ವಾಷರ್ ನೀರಿನ ಕೊಳವೆ, ಹೆಡ್‌ಲೈಟ್ ವೈರು, ಬ್ಯಾಟರಿಯ ಪಾಸಿಟಿವ್ ತುದಿ ಇವು ಮೂರೂ ತಪ್ಪದೆ ನೋಡಬೇಕಾದವು. ಪೂರ್ತಿ ಮುಚ್ಚಿದಾಗಲೂ ಸ್ಟ್ರಟ್‌ನಲ್ಲಿ 5ರಿಂದ 10 ಮಿ.ಮೀ. ಚಲನೆ ಮಿಕ್ಕಿರಬೇಕು. ಮಿಕ್ಕಿಲ್ಲವೆಂದರೆ ಸ್ಟ್ರಟ್ ತಳಕ್ಕೆ ತಾಗಿ, ಮುಚ್ಚುವ ಕೈಯ ಬಲವೆಲ್ಲ ಬ್ರಾಕೆಟ್ಟಿಗೆ ಹೋಗುತ್ತದೆ.

ಇಷ್ಟಾದ ಮೇಲೂ ಹಳೆಯ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ಮೇಲಿನ ಲೆಕ್ಕದ ಬಾನೆಟ್ ಮೊದಲು ಲಾಕ್‌ನ ಮೇಲೆ ಸುಮಾರು 8 ಕೆ.ಜಿ. ಭಾರ ಹಾಕುತ್ತಿತ್ತು, ಡ್ಯಾಂಪರ್ ಬಂದ ಮೇಲೆ 5. ಒಂದು ಅಡಿ ಮೇಲಿಂದ ಬಿಟ್ಟರೆ ಟಪ್ಪನೆ ಲಾಕ್ ಆಗುತ್ತಿದ್ದ ಬಾನೆಟ್ ಈಗ ಮೊದಲ ಹಲ್ಲಿಗೇ ನಿಲ್ಲಬಹುದು. ಲಾಕ್‌ನ ನೇರ ಮೇಲೆ ಎರಡೂ ಅಂಗೈ ಅಗಲಿಸಿ ಒತ್ತಿ, ಅಂಚಿನಲ್ಲಿ ಎತ್ತಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಸುರಕ್ಷತೆ ಮತ್ತು ಕಾನೂನು

ಬಾನೆಟ್‌ಗೆ ಎರಡನೆಯ ಕೊಕ್ಕೆ ಇರುವುದು ಕಾರು ಓಡುವಾಗ ಮೊದಲ ಲಾಕ್ ಬಿಟ್ಟುಕೊಂಡರೆ ಅದು ಗಾಜಿನ ಮೇಲೆ ಮಗುಚದಿರಲೆಂದು. ಅಮೆರಿಕದ ವಾಹನ ಸುರಕ್ಷತಾ ಮಾನದಂಡ 113 ಮುಂದಿನಿಂದ ತೆರೆಯುವ ಬಾನೆಟ್‌ಗೆ ಇದನ್ನು ಕಡ್ಡಾಯ ಮಾಡಿದೆ. ಡ್ಯಾಂಪರ್ ಬಾನೆಟ್‌ನ ಭಾರದ ಒಂದು ಪಾಲನ್ನು ಸದಾ ಹೊತ್ತಿರುವುದರಿಂದ, ಗಾಳಿ ಅದನ್ನು ಎತ್ತಲು ಬೇಕಾದ ಬಲ ಅಷ್ಟು ಕಡಿಮೆಯಾಗುತ್ತದೆ. ಕೊಕ್ಕೆಯಲ್ಲಿ ಧೂಳು, ಒಣ ಗ್ರೀಸ್ ಕಟ್ಟಿಕೊಂಡ ಹಳೆಯ ಕಾರಿಗೆ ಡ್ಯಾಂಪರ್ ಹಾಕುವ ಮುಂಚೆ ಕೊಕ್ಕೆಯನ್ನು ತೊಳೆದು ಗ್ರೀಸ್ ಹಚ್ಚಿಸಬೇಕು.

ಬಾನೆಟ್‌ಗೆ ಅಪಘಾತದ ಸಮಯದಲ್ಲಿ ಇನ್ನೆರಡು ಕೆಲಸಗಳಿವೆ. ಎದುರಿನಿಂದ ಗುದ್ದಿದಾಗ ಅದು ನಡುವೆ ಮಡಚಿಕೊಳ್ಳಲೆಂದು ಒಳತಗಡಿನಲ್ಲಿ ಬೇಕೆಂದೇ ದುರ್ಬಲ ಗೆರೆಗಳನ್ನು ಒತ್ತಿರುತ್ತಾರೆ. ಮಡಚದಿದ್ದರೆ ಇಡೀ ತಗಡು ಹಿಂದಕ್ಕೆ ನುಗ್ಗಿ ಗಾಜು ಸೇರುತ್ತದೆ. ಬ್ರಾಕೆಟ್ಟಾಗಲಿ ತೂತಾಗಲಿ ಆ ಗೆರೆಗಳ ಮೇಲೆ ಬರಕೂಡದು. ಎರಡನೆಯದು ಪಾದಚಾರಿಯ ರಕ್ಷಣೆ. ಗುದ್ದಿಸಿಕೊಂಡವನ ತಲೆ ಬಡಿಯುವುದು ಬಾನೆಟ್‌ಗೇ, ಆದ್ದರಿಂದ ತಗಡಿನಡಿ ಎಡೆಯಿರಬೇಕು, ತಗಡು ತಗ್ಗಬೇಕು. ವಿಶ್ವಸಂಸ್ಥೆಯ 127ನೆಯ ನಿಯಮ, ಭಾರತದ ಎಐಎಸ್-100 ಮಾನದಂಡ ಇದನ್ನೇ ಪರೀಕ್ಷಿಸುತ್ತವೆ. ಆ ಎಡೆಯಲ್ಲಿ ಗಟ್ಟಿ ಉಕ್ಕಿನ ಬ್ರಾಕೆಟ್ ನಿಲ್ಲಿಸುವುದು ಯಾರೋ ಅಪರಿಚಿತರ ತಲೆಯ ಮೇಲಿನ ಪ್ರಯೋಗವಾಗುತ್ತದೆ. 2005ರ ಸಿಟ್ರೊಯೆನ್ ಸಿ6ನಂಥ ಕೆಲವು ಕಾರುಗಳಲ್ಲಿ ಪಾದಚಾರಿಗೆ ಬಡಿದ ಕ್ಷಣದಲ್ಲಿ ಬಾನೆಟ್ ತಾನಾಗಿ ಕೊಂಚ ಮೇಲೇಳುವ ವ್ಯವಸ್ಥೆಯೇ ಇದೆ. ಅಂಥ ಕಾರಿನ ಹಿಂಜ್‌ಗೆ ಹೊರಗಿನ ಯಾವ ಭಾಗವನ್ನೂ ಸೇರಿಸಬಾರದು.

ಭಾರತದ ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಂ ನೋಂದಣಿ ಪತ್ರದ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಬಾನೆಟ್‌ನ ಆಸರೆ ಆ ಪತ್ರದಲ್ಲಿ ನಮೂದಾಗುವ ವಿವರವಲ್ಲ. ತಯಾರಕರ ವಾರಂಟಿಯ ಮಾತು ಬೇರೆ. ಹಿಂಜ್ ಅಥವಾ ತಗಡು ಕೆಟ್ಟರೆ ಹೊರಗಿನ ಭಾಗ ಹಾಕಿದ್ದನ್ನು ಅವರು ಪ್ರಶ್ನಿಸಬಹುದು.

ಹವೆ, ಸವೆತ, ವಿಲೇವಾರಿ

ಅನಿಲದ ಒತ್ತಡ ಉಷ್ಣತೆಯೊಂದಿಗೆ ಏರಿಳಿಯುತ್ತದೆ, ಡಿಗ್ರಿಗೆ ಹೆಚ್ಚುಕಡಿಮೆ ಶೇ 0.34ರಷ್ಟು. 20 ಡಿಗ್ರಿಯಲ್ಲಿ 250 ನ್ಯೂಟನ್ ಇರುವ ಸ್ಟ್ರಟ್, ರಾಯಚೂರಿನ ಬೇಸಿಗೆಯಲ್ಲಿ ಓಡಿ ಬಂದ ಎಂಜಿನ್‌ನ ಪಕ್ಕ 70 ಡಿಗ್ರಿಗೆ ಕಾದರೆ 293 ಆಗುತ್ತದೆ. ಅಲ್ಲಿ ಬಾನೆಟ್ ಬೀಳುವ ಭಯಕ್ಕಿಂತ ಸೀಲಿನ ಆಯುಸ್ಸಿನ ಚಿಂತೆ ಹೆಚ್ಚು. ಅದೇ ಸ್ಟ್ರಟ್ ಮಿಚಿಗನ್‌ನ ಚಳಿಗಾಲದ -15 ಡಿಗ್ರಿಯಲ್ಲಿ 220ಕ್ಕೆ ಇಳಿಯುತ್ತದೆ. ಹೊಸದಾಗಿದ್ದರೆ ಅಷ್ಟರಲ್ಲೂ ನಮ್ಮ ಉದಾಹರಣೆಯ ಬಾನೆಟ್ ನಿಲ್ಲುತ್ತದೆ. ಹಳೆಯದಾಗಿ ಐದರಲ್ಲೊಂದು ಪಾಲು ಅನಿಲ ಸೋರಿದ್ದರೆ ಎತ್ತುವ ತಿರುಗುಬಲ 42ಕ್ಕೆ ಬಂದು, ತೂಕದ 40ರ ಅಂಚಿಗೆ ನಿಲ್ಲುತ್ತದೆ. ಬಾನೆಟ್ ಮೇಲೆ ಒಂದಿಷ್ಟು ಹಿಮ ಕೂತಿದ್ದರೂ ಅದು ಕುಸಿಯುತ್ತದೆ. ಶೀತದೇಶಗಳಲ್ಲಿ ನೆಲೆಸಿದ ನಮ್ಮವರು ಬೇಸಿಗೆಯಲ್ಲಿ ಸರಿಯಿದ್ದ ಡ್ಯಾಂಪರ್ ಜನವರಿಯಲ್ಲಿ ಕೈಕೊಟ್ಟಿತೆಂದು ಅಚ್ಚರಿಪಡುವುದಕ್ಕೆ ಕಾರಣ ಇದು.

ಎರಡರಲ್ಲಿ ಒಂದು ಸ್ಟ್ರಟ್ ಪೂರ್ತಿ ಸೋತರೆ ಉಳಿದದ್ದು ಕೊಡುವುದು 30 ಮಾತ್ರ, ಬಾನೆಟ್‌ಗೆ ಬೇಕು 40. ಅದಕ್ಕೂ ಮುಂಚೆ ಒಂದೇ ಬದಿಯ ತಳ್ಳಾಟದಿಂದ ತಗಡು ತಿರುಚತೊಡಗಿರುತ್ತದೆ. ಆದ್ದರಿಂದ ಬದಲಿಸುವಾಗ ಯಾವಾಗಲೂ ಜೋಡಿಯಾಗಿಯೇ. ರಾಡ್ ಮೇಲೆ ಎಣ್ಣೆಯ ಜಿಡ್ಡು, ಬಾನೆಟ್ ಮೆಲ್ಲಗೆ ಇಳಿಯುವುದು, ಕೊನೆಯ ಅಡಿಯಷ್ಟನ್ನು ಕೈಯಿಂದಲೇ ಎತ್ತಬೇಕಾಗುವುದು ಮುನ್ಸೂಚನೆಗಳು. ಸ್ಟೇ ರಾಡನ್ನು ಕಿತ್ತು ಬಿಸಾಡದೆ ಕಾರಿನಲ್ಲೇ ಉಳಿಸಿಕೊಳ್ಳಬೇಕೆಂದು ಈ ಲೇಖಕ ಒತ್ತಿ ಹೇಳುವುದು ಇದಕ್ಕಾಗಿಯೇ. ಎಣ್ಣೆ ನೋಡಿ ಮುಚ್ಚುವ ಎರಡು ನಿಮಿಷಕ್ಕೆ ಡ್ಯಾಂಪರ್ ಸಾಕು. ಅರ್ಧ ಗಂಟೆ ತಲೆ ಒಳಗಿಟ್ಟು ಕೆಲಸ ಮಾಡುವ ಮೆಕ್ಯಾನಿಕ್‌ಗೆ ರಾಡ್ ಕೂಡ ನಿಲ್ಲಿಸಿಕೊಡಬೇಕು.

ಸೋತ ಸ್ಟ್ರಟ್ ಖಾಲಿಯಾಗಿರುವುದಿಲ್ಲ. ಬಾನೆಟ್ ಎತ್ತಲಾರದಷ್ಟು ದುರ್ಬಲವಾದದ್ದರಲ್ಲೂ ಹತ್ತಾರು ಬಾರ್ ಒತ್ತಡ ಉಳಿದಿರಬಹುದು. ಗುಜರಿಯಲ್ಲಿ ಗ್ಯಾಸ್ ಕಟರ್ ಹಿಡಿದವರು ಇದನ್ನು ಬರಿಯ ಕಬ್ಬಿಣದ ಕೊಳವೆಯೆಂದು ಬಗೆದು ಬೆಂಕಿ ತಾಗಿಸಿದರೆ ಅದು ಸಿಡಿಯುತ್ತದೆ. ಕೊಡುವಾಗ ಬೇರೆಯಾಗಿ ಕಟ್ಟಿ, ಒಳಗೆ ಒತ್ತಡವಿದೆ, ಕೊಯ್ಯಬೇಡಿ, ಕಾಯಿಸಬೇಡಿ ಎಂದು ಬಾಯಿಬಿಟ್ಟು ಹೇಳಿಯೇ ಕೊಡಬೇಕು.